ಗದ್ದಲದ ಜಾಗಕ್ಕೆ ಹೋಗುವ ಮುನ್ನ

ಸದ್ದು, ಬೆಳಕು, ವಾಸನೆ ಬೇಗ ತಟ್ಟುವವರು ಜನಜಂಗುಳಿಗೆ ಹಸಿದುಕೊಂಡು, ನಿದ್ದೆಗೆಟ್ಟು ಹೋಗಬಾರದು. ಅರ್ಧ ಸುಸ್ತು ಅಲ್ಲಿಂದಲೇ ಶುರು. ಜನ ಸೇರುವ ಮುನ್ನ, ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಹೋಗಿ.

ಫೋಮ್ ಇಯರ್‌ಪ್ಲಗ್ (ಸದ್ದು ತಗ್ಗಿಸಲು ಕಿವಿಯೊಳಗಿಡುವ ಮೆತ್ತನೆ ಬಿರಡೆ) ಉಪಯೋಗವಿಲ್ಲ ಅನ್ನುವವರು ಹೆಚ್ಚಾಗಿ ಅದನ್ನು ಸರಿಯಾಗಿ ಹಾಕಿರುವುದಿಲ್ಲ. ಶುಚಿಯಾದ ಬೆರಳುಗಳಲ್ಲಿ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಉಬ್ಬುವವರೆಗೆ, ಅಂದರೆ 20–30 ಸೆಕೆಂಡು, ಬೆರಳಿನಿಂದ ಒತ್ತಿ ಹಿಡಿಯಿರಿ. (ರಸ್ತೆ ದಾಟುವಾಗ ಮರೆಯದೆ ತೆಗೆಯಿರಿ.) ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ, ಹಠಾತ್ ಕಿರುಚಾಟವನ್ನು ಅಷ್ಟಾಗಿ ಅಲ್ಲ.

ಗೋಡೆಗೆ ಬೆನ್ನು ಕೊಟ್ಟು, ಸ್ಪೀಕರ್‌ನಿಂದ ದೂರ ಕೂರಿ. ದವಡೆ ಬಿಗಿಯಾಯಿತೆ? ಸಣ್ಣ ಮಾತಿಗೂ ರೇಗುತ್ತಿದ್ದೀರಾ? ತಡೆದುಕೊಳ್ಳಲು ನೋಡಬೇಡಿ, ಆಗಲೇ 5 ನಿಮಿಷ ಹೊರಗೆ ಬನ್ನಿ. 4 ಎಣಿಸುತ್ತ ಉಸಿರೆಳೆದು, 6 ಎಣಿಸುತ್ತ ಬಿಡಿ.