ಎರೆ ಹೊಲದ ಎತ್ತನ್ನು ಡಾಂಬರಿಗೆ ಇಳಿಸಿ ಕಲಿತದ್ದು

2019ರ ಬೇಸಿಗೆಯಲ್ಲಿ ಕೃಷ್ಣಾ ಕಣಿವೆ ತಳಿಯ ನಾಲ್ಕು ಹಲ್ಲಿನ ಜೋಡಿಯೊಂದನ್ನು ನರಗುಂದ ಸೀಮೆಯ ನಮ್ಮ ಮನೆಗೆ ತಂದೆ. ಅದುವರೆಗೆ ಕೊಟ್ಟಿಗೆಯಲ್ಲಿ ಇದ್ದದ್ದು ಕಿಲಾರಿ. ನೊಗ ಹೆಗಲಿಗೆ ತಾಗುವ ಮೊದಲೇ ಹೊರಡುವ ಜಾತಿ. ಇವು ಹಾಗಲ್ಲ. ಉಬ್ಬಿದ ಹಣೆ, ಗಿಡ್ಡ ಬಾಗಿದ ಕೋಡು, ಕೊರಳಡಿ ಜೋಲುವ ಗಂಗೆದೊಗಲು, ಬೂದುಬಿಳುಪಿನ ದಪ್ಪ ಮೈ. ನಡೆಯುವುದಂತೂ ಹೋಳಿಗೆ ಊಟ ಮುಗಿಸಿ ಎದ್ದ ಬೀಗರ ಹಾಗೆ. ಮೋಸ ಹೋದೆನೆಂದೇ ಅಂದುಕೊಂಡಿದ್ದೆ.

ಆ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿತು. ನೀರು ಇಳಿದು ಎಷ್ಟೋ ದಿನವಾದರೂ ನಮ್ಮ ಎರೆ ಹೊಲಕ್ಕೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಟ್ರ್ಯಾಕ್ಟರ್ ಇಳಿಸುವಂತಿರಲಿಲ್ಲ. ಮೇಲೆ ಬಿರುಕು, ಅಡಿಯಲ್ಲಿ ಅಂಟು. ಅಲ್ಲಿ ಈ ಜೋಡಿ ತಲೆ ತಗ್ಗಿಸಿ ಕುಂಟೆ ಎಳೆಯಿತು. ಒಮ್ಮೆಯೂ ಜಗ್ಗಾಡಲಿಲ್ಲ, ನಿಲ್ಲಲೂ ಇಲ್ಲ. 19ನೇ ಶತಮಾನದ ಕೊನೆಗೆ ಸಾಂಗಲಿ ಮತ್ತು ಸುತ್ತಲಿನ ಸಂಸ್ಥಾನಿಕರು ಗೀರ್, ಓಂಗೋಲ್, ಮೈಸೂರು ಕಡೆಯ ದನಗಳನ್ನು ಬೆರೆಸಿ ಈ ತಳಿ ಬೆಳೆಸಿದ್ದೇ ಇಂಥ ಮಣ್ಣಿಗಾಗಿ.

ಹುರುಪು ಬಂದು ತಪ್ಪು ಮಾಡಿದೆ. ಮುಂದಿನ ಫೆಬ್ರುವರಿಯಲ್ಲಿ ಕಡಲೆ ಚೀಲ ಹೇರಿ, ಲಾಳವಿಲ್ಲದೆ, ಡಾಂಬರು ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರ್ ಬಂಡಿ ಹೊಡೆದೆ. ಈ ತಳಿಯ ಗೊರಸು ಮೆದು. ಮರುದಿನ ಬಲಗಡೆಯ ಎತ್ತು ಮುಂಗಾಲು ಊರಲೇ ಇಲ್ಲ. ಗೊರಸಿನ ಅಂಚು ಸವೆದು ಅಂಗಾಲು ಕೆಂಪಾಗಿತ್ತು. “ತಮ್ಮಾ, ಇದು ಹೊಲದ ಎತ್ತು, ಹಾದಿಯ ಎತ್ತಲ್ಲ” ಎಂದು ಕಾಕಾ ಗದರಿದರು. ವೈದ್ಯರು ಗೊರಸು ಕೆತ್ತಿ, ತೊಳೆದು, ಪಟ್ಟಿ ಕಟ್ಟಿದರು. ಮೂರು ವಾರ ಒಣ ನೆಲದ ಮೇಲೆ ಕಣಕಿ (ಜೋಳದ ಒಣ ದಂಟು) ಹಾಸಿ ಕಟ್ಟಿದೆ. ಆ ಮೂರು ವಾರ ಕಾಕಾ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಈಗ ರಸ್ತೆಯ ಕೆಲಸವಿದ್ದರೆ ಮೊದಲು ಲಾಳ. ಸೀಳು ಗೊರಸಾದ್ದರಿಂದ ಕಾಲಿಗೆ ಎರಡು, ಒಂದು ಎತ್ತಿಗೆ ಎಂಟು. ಬೆಳಿಗ್ಗೆ ಮೇವು ಹಾಕುವ ಮೊದಲೇ ಕಟ್ಟಿಸುತ್ತೇನೆ. ಹೊಟ್ಟೆ ತುಂಬಿದ ಭಾರಿ ಎತ್ತನ್ನು ಹಗ್ಗ ಹಾಕಿ ಕೆಡವಬಾರದು. ಕೆಡವುವ ಜಾಗದಲ್ಲಿ ದಪ್ಪಗೆ ಹೊಟ್ಟು ಹಾಸಬೇಕು. ಮೊಳೆ ಗೊರಸಿನ ಗೋಡೆಯಲ್ಲಿಯೇ ಹೊರಬರಬೇಕು. ಒಳಕ್ಕೆ ತಿರುಗಿದರೆ ಎತ್ತು ಅಂದೇ ಕುಂಟುತ್ತದೆ.

ಮೇವಿಗೆ ಜೋಳದ ಕಣಕಿ, ಕಡಲೆ ಹೊಟ್ಟು. ದುಡಿಯುವ ದಿನ ಒಂದು ಎತ್ತಿಗೆ ಎರಡು ಕಿಲೋ ಕುದಿಸಿದ ಹುರುಳಿ, ನೆನೆಸಿದ ಹತ್ತಿಕಾಳು, ಒಂದಿಷ್ಟು ಉಪ್ಪು. ದಪ್ಪ ಮೈಗೆ ಬಿಸಿಲು ತಡೆಯುವುದಿಲ್ಲ, ಹನ್ನೊಂದಕ್ಕೆ ಕೊಳ್ಳು ಹರಿದು ನೊಗದಿಂದ ಬಿಡುತ್ತೇನೆ. ಹೆಗಲು ಬಾತರೆ ಪೂರ್ತಿ ಇಳಿಯುವವರೆಗೆ ನೊಗ ಇಡುವುದಿಲ್ಲ, ಬಿತ್ತನೆ ಕೆಟ್ಟರೂ ಸರಿಯೇ.

ಮೊನ್ನೆ ದಲ್ಲಾಳಿಯೊಬ್ಬ ಬಂದು, “ಯಜಮಾನರೇ, ಒಮ್ಮೆ ಓಡಿಸಿ ತೋರಿಸಿ” ಎಂದ. ಹಿಂದಿನ ಓಣಿಯಲ್ಲಿ ಕಿಲಾರಿ ಇವೆ ಎಂದು ಹೇಳಿ, ಚಹಾ ಕುಡಿಸಿ ಕಳಿಸಿದೆ.