ವಾಟ್ನಿ ಪತ್ರದಲ್ಲಿ ಸಿಕ್ಕ ಕಾಕಾ

"ನಿಮ್ಮ ಮನೆತನದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತಾ?" ಎಂದು ಡಾಕ್ಟರ್ ಕೇಳಿದರು. "ಇಲ್ಲ ಮೇಡಂ" ಅಂದೆ. ಒಂದು ಕ್ಷಣ ಯೋಚನೆ ಕೂಡ ಮಾಡಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾ ಬಂದವರು.

ಆಗ ನನಗೆ 46 ವರ್ಷ. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ. ಎರಡು ತಿಂಗಳಿಂದ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಬೋರ್ಡಿನ ಮುಂದೆ ನಿಂತರೆ ಕಣ್ಣು ತುಂಬಿ ಬರುತ್ತಿತ್ತು. ಖಿನ್ನತೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಮೂರನೇ ವಾರಕ್ಕೆ ನಾನು ಬೇರೆಯೇ ಹೆಂಗಸಾಗಿದ್ದೆ. ರಾತ್ರಿ ಮೂರು ತಾಸು ಮಲಗಿದರೆ ಸಾಕು, ಬೆಳಿಗ್ಗೆ ಒಂಚೂರೂ ದಣಿವಿಲ್ಲ. ರಾತ್ರಿ ಎರಡು ಗಂಟೆಗೆ ಅಡುಗೆ ಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದೆ. ಒಂದೇ ವಾರದಲ್ಲಿ ಹನ್ನೊಂದು ಸೀರೆ ತರಿಸಿದೆ. ನನಗೆ ವಾಸಿಯಾಯಿತು ಅಂದುಕೊಂಡಿದ್ದೆ. ಯಜಮಾನರು ಹೆದರಿ ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರ್ ಆ ಮಾತ್ರೆ ನಿಲ್ಲಿಸಿದರು. ಬೈಪೋಲಾರ್ ಅಂದರೆ ಮನಸ್ಸು ಒಮ್ಮೆ ವಿಪರೀತ ಹುರುಪಿಗೆ ಏರಿ, ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ; ಅದು ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಮನಸ್ಸು ಹೀಗೆ ಮೇಲಕ್ಕೆ ಹಾರುತ್ತದೆ ಎಂದು ತಿಳಿಸಿ ಹೇಳಿದರು. ಮನೆತನದ ವಿಷಯ ಮೊದಲೇ ಗೊತ್ತಾದರೆ ಎಚ್ಚರಿಕೆಯಿಂದ ಮಾತ್ರೆ ಆರಿಸಬಹುದು. ಅದಕ್ಕೇ ಆ ಪ್ರಶ್ನೆ ಕೇಳುತ್ತಾರೆ. "ಇನ್ನೊಂದು ಸಲ ಮನೆಯಲ್ಲಿ ವಿಚಾರಿಸಿಕೊಂಡು ಬನ್ನಿ" ಅಂದರು.

ಊರು ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಅವ್ವ, ಅಣ್ಣ ಅಲ್ಲೇ ಇದ್ದಾರೆ. ಅವ್ವನನ್ನು ಕೇಳಿದೆ. "ಅಂಥಾವ್ರು ನಮ್ಮ ಮನ್ಯಾಗ ಯಾರೂ ಇಲ್ಲ" ಎಂದು ಎದ್ದು ಒಳಗೆ ಹೋದಳು. ಅಣ್ಣನೂ ಅದನ್ನೇ ಹೇಳಿದ. ನಾನೂ ನಂಬಿದೆ.

ಅಪ್ಪ ತೀರಿಹೋದ ಮೇಲೆ ಪೌತಿ ಖಾತೆ ಮಾಡಿಸುವ ಕೆಲಸ ಹಾಗೇ ಉಳಿದಿತ್ತು. ವಂಶಾವಳಿಗೆ ಬೇಕು ಅಂತ ಅಣ್ಣ ಟ್ರಂಕಿನಿಂದ ಹಳೇ ಕಾಗದ ತೆಗೆದಿಟ್ಟಿದ್ದ. ಅಜ್ಜನ ಮಕ್ಕಳು ಮೂವರು ಎಂದು ಬರೆದೂ ಆಗಿತ್ತು: ದೊಡ್ಡಪ್ಪ, ನಮ್ಮಪ್ಪ, ಅತ್ತಿ. ನಾನು ಸುಮ್ನೆ ಕೂತು ಕಾಗದ ತಿರುವುತ್ತಿದ್ದೆ. 1974ರ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲು ಮಾಡಿಕೊಂಡ ಕಾಗದ, ಸಿಕ್ಕಿತು. ಛಾಪಾ ಕಾಗದ ಮಡಿಕೆಯಲ್ಲಿ ಹರಿದಿತ್ತು, ಅಕ್ಷರ ಮಾತ್ರ ಮುತ್ತಿನಂತೆ ಇದ್ದವು. ಮೂರನೇ ಪುಟದಲ್ಲಿ ಒಂದು ಕಲಮು. ಕಿರಿಯ ತಮ್ಮನ ಬುದ್ಧಿ ಸ್ವಾಧೀನದಲ್ಲಿ ಇಲ್ಲದ ಕಾರಣ ಆತನ ಪಾಲಿನ ಜಮೀನನ್ನು ಹಿರಿಯವರು ಮಾಡಿಕೊಂಡು, ಆತ ಇರುವವರೆಗೂ ಅನ್ನ, ಬಟ್ಟೆ, ಔಷಧಕ್ಕೆ ಕೊಡತಕ್ಕದ್ದು. ಕೆಳಗೆ ಒಂದು ಹೆಸರಿತ್ತು. ಆ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೆಸರಿನ ಪಕ್ಕ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು. ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಿದ್ದೆ. ನನಗೆ ಒಬ್ಬ ಕಾಕಾ ಇದ್ದ.

ಆ ಕಾಗದ ಹಿಡಿದು ಅವ್ವನ ಮುಂದೆ ನಿಲ್ಲಬೇಕು ಅನ್ನಿಸಿತ್ತು. ನಿಲ್ಲಲಿಲ್ಲ, ಅದೇ ಒಳ್ಳೇದಾಯಿತು. ಆಕೆ ಸೊಸೆಯಾಗಿ ಬಂದವಳು, ಆ ಮನೆಯ ಮಾತು ಆಕೆ ಬಾಯಿ ಬಿಡುವುದಲ್ಲ. ಹೇಳಬೇಕಾದವರು ಅತ್ತಿ, ಆ ಮನೆಯ ಮಗಳು. ಅವರಿಗೆ 79 ವರ್ಷ. ರಾಣೆಬೆನ್ನೂರಿನಲ್ಲಿ ಮಗನ ಮನೆಯಲ್ಲಿ ಇದ್ದಾರೆ. ಮಗ, ಸೊಸೆ ಇಲ್ಲದ ಹೊತ್ತು ನೋಡಿ ಹೋದೆ. ಅವರು ಶೇಂಗಾ ಸುಲಿಯುತ್ತಿದ್ದರು. ನಾನೂ ಮೊರದ ಈ ಕಡೆ ಕೂತು ಸುಲಿಯತೊಡಗಿದೆ. ಕೈಗೆ ಕೆಲಸ ಇದ್ದರೆ ಹಿರಿಯರಿಗೆ ಮಾತು ಸುಲಭ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಗುವುದಿಲ್ಲ.

ಈ ಸಲ ಕಾಯಿಲೆ ಎಂಬ ಶಬ್ದವನ್ನೇ ಬಳಸಲಿಲ್ಲ. ಮೊದಲು ನನ್ನ ಕಥೆ ಹೇಳಿದೆ. ನಿದ್ದೆ ಹೋಗಿದ್ದು, ಅತ್ತಿದ್ದು, ಸೀರೆ ತಂದಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಆಮೇಲೆ ಕೇಳಿದೆ: "ಅತ್ತಿ, ನಮ್ಮ ಮನ್ಯಾಗ ಹಿಂಗ ನಿದ್ದಿ ಇಲ್ಲದ ಓಡಾಡಿದವ್ರು ಯಾರರ ಇದ್ರಾ?"

ಅತ್ತಿಯ ಕೈ ನಿಂತಿತು. "ಕಿರ್‍ಯಾಂವ ಹಂಗ ಮಾಡ್ತಿದ್ದ" ಅಂದರು.

ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. 20 ವರ್ಷ ಇದ್ದಾಗ ಕಾಕಾ ರಾತ್ರಿಯೆಲ್ಲ ಹೊಲದಲ್ಲಿ ಬಾವಿ ತೋಡುತ್ತೇನೆ ಎಂದು ಗುದ್ದಲಿ ಹಿಡಿದು ಹೋಗುತ್ತಿದ್ದ. ಊರಿಗೆಲ್ಲ ಊಟ ಹಾಕಿಸುತ್ತೇನೆ ಅಂತ ಎತ್ತು ಮಾರಿ ಬಂದ. ನಾಲ್ಕು ತಿಂಗಳಾದ ಮೇಲೆ ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಗಾಳಿ ಸೋಕಿದೆ ಅಂದರು. ಐದು ಅಮಾವಾಸ್ಯೆ ಉಕ್ಕಡಗಾತ್ರಿಗೆ, ಅಜ್ಜಯ್ಯನ ಸನ್ನಿಧಿಗೆ ಕರೆದುಕೊಂಡು ಹೋದರು. ತುಂಗಭದ್ರೆಯಲ್ಲಿ ಮೀಯಿಸಿದರು. ಚಕ್ಕಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನ್ನು ಹೇಳುವಾಗ ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ತಿಳಿದ ದಾರಿಯಲ್ಲಿ, ಜೀವ ತೇದು ನೋಡಿಕೊಂಡಿದ್ದಾರೆ. ಅದನ್ನು ನಾನು ಯಾವತ್ತೂ ತಪ್ಪು ಅನ್ನುವುದಿಲ್ಲ.

ಕೊನೆಗೆ ಯಾರೋ ಮೇಷ್ಟ್ರು ಹೇಳಿದರು ಅಂತ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ನಮ್ಮ ಕಡೆ "ಧಾರವಾಡಕ್ಕ ಹೋಗಿ ಬಂದಾನ" ಅಂದರೆ ಆಗ ಒಂದೇ ಅರ್ಥ. ಆ ಮಾತಿಗೆ ಹೆದರಿಯೇ ಮನೆಯವರು ಅಷ್ಟು ವರ್ಷ ತಡ ಮಾಡಿದ್ದರು. "ಅಲ್ಲಿ ಒಂದು ಗುಳಿಗಿ ಕೊಟ್ರವ್ವಾ. ಅದನ್ನ ಕೊಟ್ಟ ಮ್ಯಾಲ ಆಗಾಗ ರಕ್ತ ತಗದು ನೋಡ್ತಿದ್ರು. ಐದಾರು ವರ್ಷ ಚಲೋ ಇದ್ದ. ಕಮತ ಮಾಡ್ದ" ಅಂದರು ಅತ್ತಿ.

ಮತ್ತೆ ಯಾಕೆ ಬಿಟ್ಟ ಎಂದು ಕೇಳಿದೆ. "ಮದವಿ ಮಾತು ಬಂತು. ಹೆಣ್ಣಿನ ಕಡ್ಯಾವ್ರಿಗೆ ಗುಳಿಗಿ ಕಾಣಬಾರದು ಅಂತ ನಿಮ್ಮಜ್ಜ ಬಿಡಿಸಿದ." ಮದುವೆ ಆಗಲಿಲ್ಲ. ಆಮೇಲೆ ಕಾಕಾ ತೀರಿಕೊಂಡ. ಕಾಲು ಜಾರಿ ಬಿದ್ದ ಎಂದು ಊರಿಗೆ ಹೇಳಿದರು. ನಿಜ ಏನು ಅಂತ ಅತ್ತಿ ನನಗೆ ಹೇಳಿದರು, ನಾನು ಡಾಕ್ಟರಿಗೆ ಹೇಳಿದೆ. ಮನೆತನದಲ್ಲಿ ಯಾರಾದರೂ ತಾವಾಗಿ ಜೀವ ಕಳೆದುಕೊಂಡಿದ್ದರೆ ಡಾಕ್ಟರಿಗೆ ಅದು ಗೊತ್ತಿರಲೇಬೇಕು. ಇಲ್ಲಿ ಅದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ನೀವು ಕೇಳಲು ಹೊರಟರೆ ನನ್ನ ಮಾತು ಇಷ್ಟೇ. ಹಿರಿಯರ ಬಾಯಲ್ಲಿ ಬೈಪೋಲಾರ್, ಡಿಪ್ರೆಶನ್ ಅಂತ ಬರುವುದಿಲ್ಲ. ಯಾರು ಊರು ಬಿಟ್ಟು ಹೋದರು, ಯಾರ ಮದುವೆ ಯಾಕೆ ಮುರಿಯಿತು, ಯಾರನ್ನು ಯಾವ ದೇವರಿಗೆ ಕರೆದೊಯ್ದರು, ಬಾಣಂತನದಲ್ಲಿ ಯಾರು ಕೂಸನ್ನು ಮುಟ್ಟಲಿಲ್ಲ, ಕುಡಿತಕ್ಕೆ ಬೀಳುವ ಮೊದಲು ಆ ಮನುಷ್ಯ ಹೇಗಿದ್ದ, ಹೀಗೆ ಕೇಳಿ. ಗಾಳಿ, ಮಾಟ, ತಲೆಗೆ ಉಷ್ಣ ಏರಿದ್ದು, ನರದ ವೀಕ್ನೆಸ್ ಇವೆಲ್ಲ ಬಂದಾಗ ತಿದ್ದಲು ಹೋಗಬೇಡಿ. ಆಮೇಲೆ ಏನಾಯಿತು ಎಂದಷ್ಟೇ ಕೇಳಿ. ಅವರ ಮುಂದೆ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಬರೆದುಕೊಳ್ಳಲೂ ಬೇಡಿ. ನಾನು ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು, ಅತ್ತಿಯ ಮಾತನ್ನು ಅತ್ತಿ ಹೇಳಿದ ಹಾಗೇ ಬರೆದೆ.

ಆ ಹಾಳೆ ಇಟ್ಟುಕೊಂಡು ಡಾಕ್ಟರೂ ನಾನೂ ಮೂರು ತಲೆಮಾರಿನ ಚಿತ್ರ ಬರೆದೆವು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ. ಕಾಯಿಲೆ ಇದ್ದವರದ್ದು ತುಂಬಬೇಕು. ಅಜ್ಜಿ ಸೋದರಮಾವನನ್ನೇ ಮದುವೆಯಾದವಳು, ಹಾಗಾಗಿ ಅಲ್ಲಿ ಜೋಡಿ ಗೆರೆ. ನಾನು ಹುರುಪಿನಲ್ಲಿ ಸನ್ಯಾಸಿಯಾಗಿ ಹೋದ ಅಜ್ಜಿಯ ಅಣ್ಣನನ್ನೂ ತುಂಬಲು ಹೋದೆ. ಡಾಕ್ಟರ್ ಪೆನ್ನು ತಡೆದು ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿದರು. ಮನೆ ಬಿಟ್ಟವರೆಲ್ಲ ಕಾಯಿಲೆಯವರಲ್ಲ ಅಲ್ವಾ.

ರಕ್ತ ತೆಗೆಯುತ್ತಿದ್ದರು ಅಂದಾಗ ಅವರು ತಲೆ ಎತ್ತಿ ನೋಡಿದರು. ಆ ಕಾಲದಲ್ಲಿ ಹಾಗೆ ಪದೇ ಪದೇ ರಕ್ತ ನೋಡಿ ಕೊಡುತ್ತಿದ್ದುದು ಲಿಥಿಯಂ ಎಂಬ ಬೈಪೋಲಾರ್ ಔಷಧ ಇರಬಹುದು ಅಂದರು. ಹತ್ತಿರದ ರಕ್ತಸಂಬಂಧಿಗೆ ಲಿಥಿಯಂ ಹಿಡಿಸಿದ್ದರೆ ನಮಗೂ ಹಿಡಿಸುವ ಸಾಧ್ಯತೆ ಹೆಚ್ಚು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಶುರು ಮಾಡಿದರು. ಈಗಲೂ ತೆಗೆದುಕೊಳ್ಳುತ್ತೇನೆ. ರಾತ್ರಿ ಮಾತ್ರೆ ನುಂಗಿದ 12 ತಾಸಿಗೆ ಸರಿಯಾಗಿ ರಕ್ತ ಕೊಡಬೇಕು. ನನ್ನ ಮಟ್ಟ 0.6ರಿಂದ 0.8ರ ಒಳಗೆ ಇರಬೇಕು ಎಂದು ಹೇಳಿದ್ದಾರೆ. ಬೇಸಿಗೆಯಲ್ಲಿ ನೀರು ಕಡಿಮೆ ಆಗಬಾರದು, ಉಪ್ಪು ಒಮ್ಮೆಲೇ ಬಿಡಬಾರದು. ಮೊಣಕಾಲು ನೋವಿಗೆ ಅಂತ ಕೇಳದೆ ನೋವಿನ ಮಾತ್ರೆ ನುಂಗಬಾರದು, ಕೆಲವು ಮಾತ್ರೆಗಳಿಂದ ಲಿಥಿಯಂ ಮಟ್ಟ ಏರುತ್ತದೆ. ಕಾಕಾನಿಗೆ ಇದನ್ನೆಲ್ಲ ಯಾರು ನೆನಪು ಮಾಡುತ್ತಿದ್ದರೋ.

ಇಬ್ಬರು ಮಕ್ಕಳನ್ನೂ ಕೂರಿಸಿ ಹೇಳಿದೆ. ಮಗ ಮೊದಲು ಕೇಳಿದ್ದು, "ನಮಗೂ ಬರತ್ತಾ?" ಡಾಕ್ಟರ್ ನನಗೆ ಹೇಳಿದ್ದನ್ನೇ ಹೇಳಿದೆ. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ, ತಂದೆ ಅಥವಾ ತಾಯಿಗೆ ಇದ್ದರೆ ನೂರಕ್ಕೆ ಐದರಿಂದ ಹತ್ತು ಜನರಿಗೆ ಬರಬಹುದು. ಉಳಿದವರಿಗೆ ಬರುವುದಿಲ್ಲ. ನಿದ್ದೆ ಕೆಟ್ಟರೆ ಮುಚ್ಚಿಡಬೇಡ ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣನ ವಿಷಯ ಇಷ್ಟು ಸುಲಭವಿಲ್ಲ. ಅವನ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. "ಈಗ ಬಾಯಿ ಬಿಡಬ್ಯಾಡ, ಕೈ ಮುಗೀತೀನಿ" ಅಂದ. ಅಜ್ಜ ಗುಳಿಗೆ ಬಿಡಿಸಿದ್ದೂ ಇದೇ ಮಾತಿಗೆ ಅಲ್ವಾ ಎಂದು ಅಳುತ್ತಾ ಕೇಳಿದೆ. ಅವನೂ ಅತ್ತ. ಬೀಗರಾಗುವವರಿಗೆ ಹೇಳುವುದು ಬಿಡುವುದು ಅವನಿಗೂ ಮಗಳಿಗೂ ಬಿಟ್ಟಿದ್ದು, ಅದಕ್ಕೆ ನಾನು ಕೈ ಹಾಕುವುದಿಲ್ಲ ಅಂದೆ. ಆದರೆ ಹುಡುಗಿಗೆ ಗೊತ್ತಿರಬೇಕು. ನಾಳೆ ಬಸುರಿ ಆದಾಗ, ಬಾಣಂತಿ ಆದಾಗ ಡಾಕ್ಟರಿಗೆ ಆಕೆ ಹೇಳಬೇಕು. ಚಿತ್ರದ ಒಂದು ಪ್ರತಿ ಲಕೋಟೆಯಲ್ಲಿ ಹಾಕಿ ಅವನ ಕೈಗೆ ಕೊಟ್ಟೆ. ತಿಜೋರಿಯಲ್ಲಿ ಇಟ್ಟಿದ್ದಾನೆ. ವಂಶಾವಳಿಯಲ್ಲಿ ಮಾತ್ರ ನಾಲ್ಕನೇ ಹೆಸರು ಸೇರಿಸಿದ.

ಈ ವರ್ಷ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅತ್ತಿಯನ್ನೂ ಕರೆದುಕೊಂಡು ಹೋದೆ. ಹಿರಿಯರಿಗೆ ಎಡೆ ಇಡುವಾಗ ಅವ್ವ ತಾನಾಗಿಯೇ ಇನ್ನೊಂದು ಎಲೆ ಹಾಕಿದಳು. ಅತ್ತಿ ಅದರ ಮೂಲೆಗೆ ಒಂದು ಹಿಡಿ ಮಂಡಕ್ಕಿ, ಎರಡು ಮಿರ್ಚಿ ಇಟ್ಟರು. ಅವನಿಗೆ ಅದು ಬಹಳ ಸೇರುತ್ತಿತ್ತಂತೆ.

"ಇದ್ಯಾರ ಎಡಿ, ಅತ್ತಿ?" ಎಂದು ಅಣ್ಣನ ಮಗಳು ನನ್ನನ್ನು ಕೇಳಿದಳು.

ಅಣ್ಣನ ಮುಖ ನೋಡಿದೆ. ಅವನು ಊದುಬತ್ತಿ ಹಚ್ಚುತ್ತಿದ್ದ, ಬೇಡ ಅನ್ನಲಿಲ್ಲ.

"ನಿಮ್ಮಜ್ಜನ ತಮ್ಮಂದು" ಎಂದು ಹೆಸರು ಹೇಳಿದೆ.