ಟೀಮಿನ ಡೇಟುಗಳು ತಪ್ಪದ ಹಾಗೆ ಮಾಡಿದ್ದು: ನನ್ನ ಅನುಭವ

ಒಂದು ಗೂಗಲ್ ಶೀಟ್ ಇಟ್ಟುಕೊಂಡು ಇಡೀ ಟೀಮಿನ ಡೇಟುಗಳನ್ನು, ಅಂದರೆ ಒಪ್ಪಂದ, ಡೊಮೇನ್ ಇಂಥವುಗಳ ಕೊನೆಯ ದಿನಗಳನ್ನು, ನೋಡಿಕೊಳ್ಳುತ್ತೇನೆ ಅಂದಾಗ ಹೆಚ್ಚಿನವರು ನಂಬಲಿಲ್ಲ. ಕ್ಯಾಲೆಂಡರ್ ಇದೆ, ಟೀಮಿನ ಚಾಟ್ ಆ್ಯಪ್ ಸ್ಲ್ಯಾಕ್ ಇದೆ, ಇನ್ನೊಂದು ಯಾಕೆ ಅಂದರು. ಈಗ ವರ್ಷಕ್ಕಿಂತ ಜಾಸ್ತಿ ಆಯಿತು. ಒಂದು ರಿನ್ಯೂವಲ್ ಕೂಡ ತಪ್ಪಿಲ್ಲ.

ಮೊದಲು ಹಂಚಿಕೊಂಡ ಕ್ಯಾಲೆಂಡರ್ ಇತ್ತು. ಅದರಲ್ಲಿ ಒಬ್ಬರು ಹಾಕಿದ ನೋಟಿಫಿಕೇಶನ್ ಅವರಿಗೆ ಮಾತ್ರ ಬರುತ್ತದೆ, ಉಳಿದವರಿಗೆ ಅವರವರ ಸೆಟ್ಟಿಂಗ್ ಇದ್ದ ಹಾಗೆ. ಆಮೇಲೆ ಸ್ಲ್ಯಾಕ್ ಚಾನೆಲ್ಲಿಗೆ ರಿಮೈಂಡರ್ ಹಾಕಿದೆವು. ಎಲ್ಲರೂ ನೋಡಿದರು, ಬೇರೆ ಯಾರೋ ಮಾಡುತ್ತಾರೆ ಅಂದುಕೊಂಡು ಸುಮ್ನೆ ಇದ್ದರು. ಹಾಗೆ ಒಂದು ಡೊಮೇನ್ (ವೆಬ್‌ಸೈಟಿನ ಹೆಸರು) ಹೋಯಿತು. ಆಟೋ ರಿನ್ಯೂ ಆನ್ ಇತ್ತು, ಆದರೆ ಅಲ್ಲಿದ್ದ ಕಾರ್ಡಿನ ಅವಧಿ ಮುಗಿದಿತ್ತು. ತಡವಾಗಿ ರಿನ್ಯೂ ಮಾಡಲು ಕೊಡುವ ಗ್ರೇಸ್ ಅವಧಿಯೂ ದಾಟಿ, ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾದ ರಿಡೆಂಪ್ಷನ್ ಹಂತಕ್ಕೆ ಬಿದ್ದಿತ್ತು, ಬಿಡಿಸಿಕೊಳ್ಳಲು ವರ್ಷದ ಫೀಸಿನ ಏಳೆಂಟು ಪಟ್ಟು ಕೊಡಬೇಕಾಯಿತು. ನಡುವೆ ದುಡ್ಡು ಕೊಟ್ಟು ಡೇಟ್ ನೆನಪಿಸುವ ಒಂದು ಟೂಲ್ ಕೂಡ ತಗೊಂಡಿದ್ದೆವು. ತಲೆಗಿಷ್ಟು ಅಂತ ತಿಂಗಳ ಬಿಲ್, ಅದನ್ನು ತೆರೆದು ನೋಡುತ್ತಿದ್ದವರು ಇಬ್ಬರೋ ಮೂವರೋ.

ಈಗಿನ ಶೀಟಿನಲ್ಲಿ ಕಾಲಮ್‌ಗಳು ಕೆಲವೇ: ಏನು, ಕೊನೆಯ ದಿನ, ಕೆಲಸ ಎಷ್ಟು ದಿನ ಮೊದಲು ಶುರುವಾಗಬೇಕು, ಯಾರು, ಅವರು ರಜೆಯಲ್ಲಿದ್ದರೆ ಯಾರು, ಮುಗಿಯಿತಾ. 'ಯಾರು' ಅನ್ನುವಲ್ಲಿ ಒಂದೇ ಹೆಸರು. ಟೀಮಿನ ಹೆಸರು ಬರೆಯಲು ನಾನು ಬಿಡುವುದೇ ಇಲ್ಲ.

ಮುಖ್ಯವಾದದ್ದು ಮೂರನೇ ಕಾಲಮ್. ಒಪ್ಪಂದ ಬೇಡ ಅಂದರೆ 60 ದಿನ ಮೊದಲೇ ತಿಳಿಸಬೇಕು ಅಂತ ಬರೆದಿದ್ದರೆ, ಕೊನೆಯ ದಿನಕ್ಕೆ ಒಂದು ವಾರ ಇರುವಾಗ ನೆನಪಿಸಿ ಏನು ಪ್ರಯೋಜನ, ಇನ್ನೊಂದು ವರ್ಷದ ದುಡ್ಡು ಆಗಲೇ ಹೋಗಿರುತ್ತದೆ ಅಲ್ವಾ? ಅಂಥದ್ದಕ್ಕೆ ನಾನು 90 ಹಾಕುತ್ತೇನೆ. ಆ ದಿನದಿಂದ ಮೇಲ್ ಶುರುವಾಗುತ್ತದೆ, 'ಮುಗಿಯಿತು' ಅಂತ ತುಂಬುವವರೆಗೆ ನಿಲ್ಲುವುದಿಲ್ಲ. ಸ್ವಲ್ಪ ದಿನ ಉತ್ತರ ಬರದಿದ್ದರೆ ಎರಡನೇ ಹೆಸರಿಗೂ ಬೇರೆ ಒಂದು ಸಾಲು ಹೋಗುತ್ತದೆ. ಆ ಸಾಲನ್ನು ಇಲ್ಲಿ ಹಾಕುವುದಿಲ್ಲ, ತುಂಬಾ ತಿದ್ದಿ ತಿದ್ದಿ ಸಿಕ್ಕಿದ್ದು ಅದು. ಅದು ಹೋದ ದಿನವೇ ಕೆಲಸ ಆಗುತ್ತದೆ ಅಂತ ಮಾತ್ರ ಹೇಳುತ್ತೇನೆ.

ಈ ಮೇಲ್‌ಗಳನ್ನು ಕಳಿಸುವುದು ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ ಬರೆದ, ಶೀಟ್ ಓದುವ ಒಂದು ಸಣ್ಣ ಪ್ರೋಗ್ರಾಂ. ಆದರೆ ಆ್ಯಪ್ಸ್ ಸ್ಕ್ರಿಪ್ಟಿನ ಟೈಮ್ ಝೋನ್ ಸೆಟ್ಟಿಂಗ್ ಬೇರೆ, ಶೀಟಿನದು ಬೇರೆ. ಎರಡೂ ಒಂದೇ ಇರಲಿ, ಇಲ್ಲದಿದ್ದರೆ ಡೇಟ್ ಒಂದು ದಿನ ಆಚೀಚೆ ಆಗುತ್ತದೆ. ಫ್ರೀ ಅಕೌಂಟಿನಲ್ಲಿ ದಿನಕ್ಕೆ 100 ಜನರಿಗಷ್ಟೇ ಮೇಲ್ ಹೋಗುವುದರಿಂದ ಒಬ್ಬರ ಎಲ್ಲ ಬಾಕಿಯನ್ನೂ ಒಂದೇ ಮೇಲ್‌ಗೆ ಸೇರಿಸಿದೆ. ಓದುವವರಿಗೂ ಅದೇ ವಾಸಿ.

ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗಳನ್ನು (ವೆಬ್‌ಸೈಟ್ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವವು) ಶೀಟಿನಿಂದ ತೆಗೆದುಬಿಟ್ಟೆ. ಅವುಗಳ ಅವಧಿ ಕಡಿಮೆಯಾಗುತ್ತಲೇ ಇದೆ, 2029ಕ್ಕೆ ಹೆಚ್ಚೆಂದರೆ 47 ದಿನ. ಇವನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಕೂಡ ನೆನಪಿಸುವ ಮೇಲ್ ಕಳಿಸುವುದನ್ನು 2025ರ ಜೂನ್‌ನಲ್ಲಿ ನಿಲ್ಲಿಸಿತು. ಕೈಯಲ್ಲಿ ಡೇಟ್ ಬರೆಯುವ ಕೆಲಸವೇ ಅಲ್ಲ ಅದು. ರಿನ್ಯೂವಲ್ ತಾನಾಗಿ ಆಗುತ್ತದೆ, ಒಂದು ಸಣ್ಣ ಪ್ರೋಗ್ರಾಂ ದಿನಾ ಸೈಟಿನಿಂದಲೇ ಡೇಟ್ ಓದುತ್ತದೆ, ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಮಾತ್ರ ಕೂಗುತ್ತದೆ.

ಹುಟ್ಟುಹಬ್ಬಗಳನ್ನೂ ಸೇರಿಸಿ ನೋಡಿದೆ. ಫೆಬ್ರವರಿ 29ರವರಿಗೆ ಯಾವ ದಿನ ಬೇಕು ಅಂತ ಅವರನ್ನೇ ಕೇಳಿ ಬರೆದಿದ್ದೇನೆ. ಆದರೆ ಶುಭಾಶಯದ ಮೇಲ್‌ಗಳ ನಡುವೆ ಕೆಲಸದ ಮೇಲ್ ಮುಳುಗಲು ಶುರುವಾಯಿತು, ಹಾಗಾಗಿ ಅವು ಈಗ ಚಾನೆಲ್ಲಿಗೆ ಹೋಗುತ್ತವೆ. ಅಲ್ಲಿ ಎಲ್ಲರೂ ನೋಡಿದರೇ ಚೆಂದ. ಇನ್ನು ತಿಂಗಳ ಕೊನೆಯ ಕೆಲಸಕ್ಕೆ ಕ್ಯಾಲೆಂಡರಿನಲ್ಲಿ 'ಪ್ರತಿ ತಿಂಗಳು 31' ಅಂತ ಹಾಕಿದ್ದರೆ ಇವತ್ತೇ ಬದಲಿಸಿ, 31 ಇಲ್ಲದ ತಿಂಗಳುಗಳನ್ನು ಅದು ಹಾರಿಸಿಬಿಡುತ್ತದೆ. 'ಮುಂದಿನ ತಿಂಗಳ 1ಕ್ಕೆ ಒಂದು ದಿನ ಮೊದಲು' ಅಂತ ಶೀಟಿನಲ್ಲಿ ಲೆಕ್ಕ ಹಾಕಿಸಿ.

ಮೊದಲು ದುಡ್ಡು ಕೊಟ್ಟು ತಗೊಂಡಿದ್ದ ಆ ಟೂಲನ್ನು ಕಳೆದ ಸಲ ರಿನ್ಯೂ ಮಾಡಲಿಲ್ಲ. ಬೇಡ ಅಂತ ತಿಳಿಸುವ ದಿನವನ್ನು ನೆನಪಿಸಿದ್ದೂ ಇದೇ ಶೀಟ್.